ಪಲ್ಟಿ ಹೊಡೆದ ಲಾರಿ, ಕರೆಯದೆ ಬಂದ ಕ್ರೇನು

ನಿಮ್ಮ ಸೈಕಲ್ಲಿನ ಚಕ್ರ ಬೆಂಡಾಯಿತೆನ್ನಿ. ಅಂಗಡಿಯವರೆಗೆ ತಳ್ಳಿಕೊಂಡು ಹೋಗುತ್ತೀರಿ. ಎಷ್ಟಾಗುತ್ತದೆಂದು ಕೇಳುತ್ತೀರಿ. ಹೆಚ್ಚೆನಿಸಿದರೆ ಚೌಕಾಸಿ ಮಾಡುತ್ತೀರಿ. ಅದೂ ಆಗದಿದ್ದರೆ ಮುಂದಿನ ಬೀದಿಯಲ್ಲಿ ಇನ್ನೊಂದು ಅಂಗಡಿ ಇದ್ದೇ ಇದೆ. ಈಗ ಇದನ್ನೇ ಸ್ವಲ್ಪ ಬದಲಾಯಿಸಿ ನೋಡೋಣ. ನೀವು ಬಿದ್ದು ಪೆಟ್ಟಾಗಿ ಆಸ್ಪತ್ರೆ ಸೇರಿದ್ದೀರಿ. ಯಾರೋ ಬಂದು ಸೈಕಲ್ಲನ್ನು ಎತ್ತಿಕೊಂಡು ಹೋಗಿ ತಮ್ಮ ಅಂಗಡಿಯೊಳಗಿಟ್ಟು ಬೀಗ ಹಾಕಿದ್ದಾರೆ. ಮರುದಿನ ಒಂದು ಚೀಟಿ ಬರುತ್ತದೆ: ಎತ್ತಿದ ಕೂಲಿ ಇಷ್ಟು, ತಂದ ಕೂಲಿ ಇಷ್ಟು, ಇಟ್ಟುಕೊಂಡದ್ದಕ್ಕೆ ದಿನಕ್ಕೆ ಇಷ್ಟು. ಹಣ ಕೊಡುವ ತನಕ ಸೈಕಲ್ ಇಲ್ಲ. ಚೀಟಿಯನ್ನು ಪ್ರಶ್ನಿಸಲು ಎಷ್ಟು ದಿನ ತೆಗೆದುಕೊಳ್ಳುತ್ತೀರೋ ಅಷ್ಟೂ ದಿನದ ಬಾಡಿಗೆ ಅದಕ್ಕೆ ಸೇರುತ್ತಾ ಹೋಗುತ್ತದೆ.

ಅಮೆರಿಕದ ಲಾರಿ ಮಾಲೀಕರು ಬಹಳ ವರ್ಷಗಳಿಂದ ಹೇಳಿಕೊಂಡು ಬಂದಿರುವ ದೂರು ಹೆಚ್ಚುಕಡಿಮೆ ಇದೇ. ಅಪಘಾತದ ನಂತರ ಲಾರಿಯನ್ನು ಎಳೆದೊಯ್ಯುವ ಕಂಪನಿಗಳಲ್ಲಿ ಕೆಲವು ಮಾಲೀಕರ ಅಸಹಾಯಕತೆಯನ್ನೇ ಬಂಡವಾಳ ಮಾಡಿಕೊಂಡು ಸುಲಿಯುತ್ತವೆ ಎಂಬುದು ಆ ದೂರು. ಅಲ್ಲಿ ಇದಕ್ಕೆ ‘ಪ್ರಿಡೇಟರಿ ಟೋಯಿಂಗ್’ ಎಂಬ ಹೆಸರೇ ಬಿದ್ದಿದೆ; ಬೇಟೆಗೆ ಕಾದು ಕುಳಿತವರ ಟೋಯಿಂಗ್ ಎಂದಿಟ್ಟುಕೊಳ್ಳಿ. ಅರ್ಥಶಾಸ್ತ್ರ ಓದುವವರಿಗೂ ಕಾನೂನು ಓದುವವರಿಗೂ ಇದರಲ್ಲಿ ಒಂದು ಒಳ್ಳೆಯ ಪ್ರಶ್ನೆ ಅಡಗಿದೆ. ಕೊಳ್ಳುವವನು ಒಪ್ಪಿಗೆಯನ್ನೇ ಕೊಡದಿದ್ದಾಗ ಬೆಲೆಯನ್ನು ಗೊತ್ತುಮಾಡಬೇಕಾದವರು ಯಾರು?

ಮೊದಲು ಅಪಘಾತದ ಸ್ಥಳಕ್ಕೆ ಹೋಗೋಣ. ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಲ್ಲಿ ಸಾಮಾನ್ಯವಾಗಿ ಒಂದು ಲಾರಿ ಸರಕೂ ಸೇರಿ 80,000 ಪೌಂಡ್, ಅಂದರೆ ಸುಮಾರು 36 ಟನ್ ತೂಗಬಹುದು. ಇಂಥದೊಂದು ಲಾರಿ ಅಡ್ಡಬಿದ್ದರೆ ಎರಡು ಮೂರು ಪಥಗಳು ಮುಚ್ಚಿಹೋಗುತ್ತವೆ. ಹಿಂದೆ ವಾಹನಗಳ ಸಾಲು ಬೆಳೆಯುತ್ತದೆ. ಆ ಸಾಲಿನ ಬಾಲಕ್ಕೆ ಇನ್ನೊಂದು ವಾಹನ ಬಂದು ಗುದ್ದುವ ಅಪಾಯವೂ ಉಂಟು. ಆದ್ದರಿಂದ ಪೊಲೀಸರಿಗೆ ಅವಸರ. ಅವರ ಬಳಿ ಕಂಪನಿಗಳ ಒಂದು ಪಟ್ಟಿ ಇರುತ್ತದೆ. ಸರದಿಯ ಪ್ರಕಾರ ಮುಂದಿನ ಕಂಪನಿಗೆ ಕರೆ ಹೋಗುತ್ತದೆ. ಮಾಲೀಕನು ಸಾವಿರಾರು ಮೈಲಿ ಆಚೆ ಇನ್ನೊಂದು ರಾಜ್ಯದಲ್ಲಿ ಮಲಗಿರಬಹುದು. ಚಾಲಕನಿಗೆ ಗಾಯವಾಗಿರಬಹುದು, ಆಗದಿದ್ದರೂ ಗಾಬರಿಯಲ್ಲಿರುತ್ತಾನೆ, ಯಾರೋ ಚಾಚಿದ ಕಾಗದಕ್ಕೆ ಓದದೆ ಸಹಿ ಹಾಕುತ್ತಾನೆ. ದರದ ಮಾತೇ ಬರುವುದಿಲ್ಲ. ಕೆಲಸ ಮುಗಿದ ಮೇಲೆ ಬಿಲ್ಲು ತಯಾರಾಗುತ್ತದೆ.

ಟೋಯಿಂಗಿನವರ ಕಡೆಯ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಭಾರಿ ಲಾರಿಯನ್ನು ಎತ್ತುವುದು ಹುಡುಗಾಟದ ಕೆಲಸವಲ್ಲ. ಸುತ್ತಲೂ ತಿರುಗಬಲ್ಲ ತೋಳಿನ ‘ರೊಟೇಟರ್’ ಎಂಬ ಕ್ರೇನು ವಾಹನಕ್ಕೆ ಹಲವು ಲಕ್ಷ ಡಾಲರ್ ಬೆಲೆ. ಅದನ್ನು ನಡೆಸಬಲ್ಲವರನ್ನು ಹಗಲಿರುಳು ಸಿದ್ಧವಾಗಿಟ್ಟಿರಬೇಕು. ವೇಗವಾಗಿ ಹರಿಯುವ ಸಂಚಾರದ ಅಂಚಿನಲ್ಲಿ ನಿಂತು ಸಂಕೋಲೆ ಬಿಗಿಯುವ ಕೆಲಸದಲ್ಲಿ ಪ್ರಾಣ ಕಳೆದುಕೊಂಡವರಿದ್ದಾರೆ. ರಸ್ತೆಬದಿಯಲ್ಲಿ ತುರ್ತು ಕೆಲಸದವರು ಕಂಡಾಗ ಪಕ್ಕದ ಪಥಕ್ಕೆ ಸರಿಯಬೇಕು, ಇಲ್ಲವೇ ವೇಗ ತಗ್ಗಿಸಬೇಕು ಎಂಬ ಕಾನೂನು ಅಲ್ಲಿನ 50 ರಾಜ್ಯಗಳಲ್ಲೂ ಇದೆ. ಹಾಗಾಗಿ ದೊಡ್ಡ ಬಿಲ್ಲೆಲ್ಲ ಮೋಸದ ಬಿಲ್ಲಲ್ಲ.

ಹಾಗಾದರೆ ಮೋಸ ಎಷ್ಟು? ಅಮೆರಿಕನ್ ಸಾರಿಗೆ ಸಂಶೋಧನಾ ಸಂಸ್ಥೆ 2023ರಲ್ಲಿ ಈ ಬಗ್ಗೆ ಒಂದು ವರದಿ ತಂದಿತು. ಅಪಘಾತದ ನಂತರದ ನೂರಾರು ಟೋಯಿಂಗ್ ಬಿಲ್ಲುಗಳನ್ನು ಪರಿಶೀಲಿಸಿದಾಗ ಅವುಗಳಲ್ಲಿ ಶೇಕಡಾ 29.8ರಷ್ಟರಲ್ಲಿ ಅತಿಯಾದ ದರವೋ ಅನಗತ್ಯವಾದ ಹೆಚ್ಚುವರಿ ಶುಲ್ಕವೋ ಕಂಡಿತು. ಅತಿಯಾದ ದರದ ಅನುಭವ ತಮಗಾಗಿದೆ ಎಂದ ಲಾರಿ ಸಂಸ್ಥೆಗಳು ಶೇಕಡಾ 82.7. ಇದು ಲಾರಿ ಉದ್ಯಮದ ಬೆಂಬಲದಿಂದಲೇ ನಡೆಯುವ ಸಂಸ್ಥೆ ಎಂಬುದನ್ನು ಓದುವಾಗ ನೆನಪಿಡಬೇಕು. ಆದರೂ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಸಂಗತಿ ಹೊಳೆಯುತ್ತದೆ. ಬಿಲ್ಲುಗಳಲ್ಲಿ ಹೆಚ್ಚಿನವು ಸರಿಯಾಗಿಯೇ ಇವೆ. ಆದರೆ ಕೆಟ್ಟ ಬಿಲ್ಲು ಎಂದಾದರೊಮ್ಮೆ ಬಹುತೇಕ ಎಲ್ಲರ ಬಾಗಿಲಿಗೂ ಬಂದಿದೆ.

ಕೆಟ್ಟ ಬಿಲ್ಲು ಹೇಗಿರುತ್ತದೆ? ಅದನ್ನು ಓದುವುದೇ ಒಂದು ವಿದ್ಯೆ. ಎರಡು ಕ್ರೇನು ಸಾಕಿದ್ದಲ್ಲಿ ನಾಲ್ಕು ಬಂದಿರುತ್ತವೆ. ಎರಡು ಸುಮ್ಮನೆ ನಿಂತಿದ್ದರೂ ಗಂಟೆಯ ಲೆಕ್ಕ ಓಡಿರುತ್ತದೆ. ಕೆಲಸಗಾರರ ಕೂಲಿಯ ಮೇಲೆ ಮೇಲ್ವಿಚಾರಕನ ಕೂಲಿ, ಅದರ ಮೇಲೆ ಕಚೇರಿ ಖರ್ಚು, ಇಂಧನದ ಹೆಚ್ಚುವರಿ, ಚೆಲ್ಲಿದ ಎಣ್ಣೆ ಹೀರಿಸಲು ಹಾಕಿದ ಪುಡಿಯ ಚೀಲ, ಮುಚ್ಚಿದ ಟಾರ್ಪಾಲು. ಎಲ್ಲಕ್ಕಿಂತ ವಿಚಿತ್ರವಾದದ್ದು ತೂಕದ ಲೆಕ್ಕ. ಕೆಲವರು ಗಂಟೆಗಲ್ಲ, ಪೌಂಡಿಗೆ ಇಷ್ಟು ಎಂದು ಹಾಕುತ್ತಾರೆ. ಉದಾಹರಣೆಗೆ ಪೌಂಡಿಗೆ 10 ಸೆಂಟ್ ಎಂದು ಹಿಡಿಯಿರಿ. 80,000 ಪೌಂಡಿಗೆ 8,000 ಡಾಲರ್. ಕೆಲಸ ಅರ್ಧ ಗಂಟೆಯಲ್ಲಿ ಮುಗಿದರೂ ಅಷ್ಟೇ, ಅರ್ಧ ದಿನ ಹಿಡಿದರೂ ಅಷ್ಟೇ. ದುಡಿಮೆಗೂ ದರಕ್ಕೂ ಸಂಬಂಧ ಕಡಿದುಹೋಯಿತು ನೋಡಿ.

ಆದರೆ ಬಿಲ್ಲಿಗಿಂತ ಬಲವಾದ ಅಸ್ತ್ರ ಬೇರೆ ಇದೆ. ಅದು ದಾಸ್ತಾನು ಅಂಗಳದ ಬೀಗ. ಮಾಡಿದ ಕೆಲಸದ ಹಣ ತೀರುವ ತನಕ ವಸ್ತುವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಕಾನೂನಿನಲ್ಲಿ ಹಳೆಯದು. ನಮ್ಮ ರಿಪೇರಿಯವರಿಗೂ ಅದು ಗೊತ್ತು. ಅಮೆರಿಕದ ರಾಜ್ಯಗಳು ಈ ಹಕ್ಕನ್ನು ಟೋಯಿಂಗಿನವರಿಗೂ ಕೊಟ್ಟಿವೆ. ನೋಟೀಸು ಕೊಟ್ಟು ಗೊತ್ತಾದ ಅವಧಿ ಕಳೆದ ಮೇಲೆ ವಾಹನವನ್ನು ಮಾರಿ ಬಾಕಿ ವಸೂಲು ಮಾಡಿಕೊಳ್ಳುವ ದಾರಿಯೂ ಇದೆ. ಇದರ ಪರಿಣಾಮವೇನೆಂದು ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ಲೆಕ್ಕಕ್ಕಾಗಿ ಮಾತ್ರ. ಬಿಲ್ಲು 20,000 ಡಾಲರ್. ನ್ಯಾಯವಾದ ದರ 12,000 ಎನ್ನಿ. ಮಾಲೀಕನು ಕೋರ್ಟಿಗೆ ಹೋಗುತ್ತಾನೆ, ಎರಡು ತಿಂಗಳು ಹಿಡಿಯುತ್ತದೆ. ಲಾರಿಗೂ ಟ್ರೇಲರಿಗೂ ಬೇರೆಬೇರೆ ಸೇರಿಸಿ ದಿನಕ್ಕೆ 300 ಡಾಲರ್ ಅಂಗಳದ ಬಾಡಿಗೆ. 60 ದಿನಕ್ಕೆ 18,000. ಈ ನಡುವೆ ಲಾರಿ ದುಡಿಯುತ್ತಿಲ್ಲ, ಸಾಲದ ಕಂತು ಮಾತ್ರ ನಿಂತಿಲ್ಲ. 8,000 ಉಳಿಸಲು ಹೋಗಿ ಅದರ ಎರಡರಷ್ಟಕ್ಕಿಂತ ಹೆಚ್ಚು ಕಳೆದುಕೊಂಡಂತಾಯಿತು. ಆದ್ದರಿಂದಲೇ ಬಿಲ್ಲು ತಪ್ಪೆಂದು ಗೊತ್ತಿದ್ದೂ ಹೆಚ್ಚಿನವರು ಹಣ ಕಟ್ಟಿ ಲಾರಿ ಬಿಡಿಸಿಕೊಳ್ಳುತ್ತಾರೆ. ಅವರು ದಡ್ಡರಲ್ಲ, ಲೆಕ್ಕ ಬಲ್ಲವರು.

ಸರಕಿನ ಪಾಡು ಇನ್ನೂ ಒಂದು ಕೈ ಮೇಲು. ಲಾರಿ ಒಬ್ಬರದು, ಟ್ರೇಲರ್ ಇನ್ನೊಬ್ಬರದು, ಒಳಗಿನ ಮಾಂಸವೋ ಹಣ್ಣೋ ಮೂರನೆಯವರದು. ಅಪಘಾತಕ್ಕೂ ಸರಕಿನ ಒಡೆಯನಿಗೂ ಸಂಬಂಧವಿಲ್ಲ. ಆದರೂ ಸರಕನ್ನೂ ಬೀಗದೊಳಗೆ ಇಟ್ಟುಕೊಂಡರೆ, ಶೀತಯಂತ್ರ ನಿಂತ ಗಳಿಗೆಯಿಂದ ಲಾರಿ ಮಾಲೀಕನ ಮೇಲೆ ಎರಡು ಕಡೆಯಿಂದ ಒತ್ತಡ ಬೀಳುತ್ತದೆ. ಅಲ್ಲಿನ ಲಾರಿ ಸಂಸ್ಥೆಗಳೆಂದರೆ ಸಾವಿರಾರು ಲಾರಿಗಳ ದೊಡ್ಡ ಕಂಪನಿಗಳೇ ಎಂದು ಭಾವಿಸಬೇಡಿ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಂಸ್ಥೆಗಳ ಬಳಿ ಇರುವುದು ಹತ್ತು ಅಥವಾ ಅದಕ್ಕಿಂತ ಕಡಿಮೆ ಲಾರಿ. ಒಂದೇ ಲಾರಿಯನ್ನು ತಾನೇ ಓಡಿಸಿ ಬದುಕುವವರೂ ಬಹಳ. ಭಾರತದಿಂದ, ವಿಶೇಷವಾಗಿ ಪಂಜಾಬಿನಿಂದ ಹೋಗಿ ಈ ಕಸುಬಿಗೆ ನಿಂತ ಕುಟುಂಬಗಳೂ ಅವರಲ್ಲಿವೆ.

ಸರ್ಕಾರ ಏನು ಮಾಡುತ್ತಿತ್ತು ಎಂದು ನೀವು ಕೇಳಬಹುದು. ಉತ್ತರ ಸ್ವಲ್ಪ ತಮಾಷೆಯಾಗಿದೆ. 1980ರಿಂದ ಅಮೆರಿಕ ಲಾರಿ ಸಾಗಣೆಯ ಮೇಲಿನ ಸರ್ಕಾರಿ ನಿಯಂತ್ರಣವನ್ನು ಸಡಿಲಿಸುತ್ತಾ ಬಂತು. 1994ರ ಕೇಂದ್ರ ಕಾಯಿದೆಯೊಂದು ಲಾರಿ ಸಾಗಣೆಯ ದರ, ಮಾರ್ಗ, ಸೇವೆಗಳ ಮೇಲೆ ರಾಜ್ಯಗಳು ಕಟ್ಟುಪಾಡು ಹಾಕಕೂಡದು ಎಂದಿತು. ಇದನ್ನು ಬಯಸಿದವರಲ್ಲಿ ಸಾಗಣೆ ಉದ್ಯಮದವರೂ ಇದ್ದರು. ಆದರೆ ಕಾನೂನಿನ ಕಣ್ಣಿಗೆ ಟೋಯಿಂಗ್ ವಾಹನವೂ ಬಾಡಿಗೆಗೆ ಸಾಗಿಸುವ ವಾಹನವೇ! ಹೀಗಾಗಿ ಅದರ ದರಕ್ಕೂ ಲಗಾಮು ಹಾಕುವಂತಿಲ್ಲ ಎಂದಾಯಿತು. ಮಾರನೆಯ ವರ್ಷವೇ, 1995ರಲ್ಲಿ, ಹಳೆಯ ಅಂತರರಾಜ್ಯ ವಾಣಿಜ್ಯ ಆಯೋಗವನ್ನು ರದ್ದುಮಾಡಿದ ಕಾಯಿದೆಯಲ್ಲಿ ಒಂದು ಕಿಂಡಿ ತೆರೆಯಲಾಯಿತು: ಮಾಲೀಕನ ಒಪ್ಪಿಗೆಯಿಲ್ಲದೆ ನಡೆದ ಟೋಯಿಂಗಿನ ದರವನ್ನು ಮಾತ್ರ ರಾಜ್ಯಗಳೂ ಸ್ಥಳೀಯ ಸಂಸ್ಥೆಗಳೂ ಗೊತ್ತುಮಾಡಬಹುದು. ನಾವು ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಅಲ್ಲಿನ ಶಾಸನಸಭೆ ಕೊಟ್ಟ ಉತ್ತರ ಇದು. ಚೌಕಾಸಿ ಸಾಧ್ಯವಿರುವ ಕಡೆ ಸರ್ಕಾರ ದೂರವಿರಲಿ, ಸಾಧ್ಯವಿಲ್ಲದ ಕಡೆ ಬರಲಿ.

ಮುಂದೆ 2013ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಇಟ್ಟಿತು. ನ್ಯೂ ಹ್ಯಾಂಪ್‌ಶೈರಿನಲ್ಲಿ ಒಬ್ಬರು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾಗ ಅವರ ಕಾರನ್ನು ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಿಂದ ಎಳೆದೊಯ್ದು ಕೊನೆಗೆ ಪರಭಾರೆ ಮಾಡಲಾಗಿತ್ತು. ಎಳೆದು ತಂದ ವಾಹನವನ್ನು ಇಟ್ಟುಕೊಳ್ಳುವುದು, ವಿಲೇವಾರಿ ಮಾಡುವುದು ಸಾಗಣೆಯಲ್ಲ. ಆದ್ದರಿಂದ ಆ ಬಗ್ಗೆ ರಾಜ್ಯದ ಕಾನೂನಿನಡಿ ದಾವೆ ಹೂಡಬಹುದು ಎಂದು ಎಲ್ಲ ನ್ಯಾಯಾಧೀಶರೂ ಒಮ್ಮತದಿಂದ ಹೇಳಿದರು. ಅಂಗಳದ ಬೀಗಕ್ಕೆ ಇದು ಸಂಬಂಧಿಸಿದ್ದು ಎಂಬುದನ್ನು ಗಮನಿಸಿ.

ಕಿಂಡಿ ತೆರೆದರೂ ಎಲ್ಲ ರಾಜ್ಯಗಳೂ ಅದನ್ನು ಒಂದೇ ಬಗೆಯಲ್ಲಿ ಬಳಸಿಕೊಳ್ಳಲಿಲ್ಲ. ಒಂದು ಕಡೆ ದರಪಟ್ಟಿ ಬಿಗಿ, ಇನ್ನೊಂದು ಕಡೆ ಸಡಿಲ. ಫ್ಲಾರಿಡಾದಲ್ಲಿ ಬಿಲ್ಲಿನ ಮೊತ್ತಕ್ಕೆ ಕೋರ್ಟಿನಲ್ಲಿ ಠೇವಣಿ ಅಥವಾ ಜಾಮೀನು ಇಟ್ಟು ವಾಹನವನ್ನು ಬಿಡಿಸಿಕೊಂಡು, ವಾದವನ್ನು ಆಮೇಲೆ ಮುಂದುವರಿಸಬಹುದು. ಮೇಲಿನ ಲೆಕ್ಕವನ್ನು ಮತ್ತೊಮ್ಮೆ ನೋಡಿದರೆ ಈ ಸಣ್ಣ ನಿಯಮದ ಬಲ ತಿಳಿಯುತ್ತದೆ: ಗಡಿಯಾರ ನಿಂತುಹೋಗುತ್ತದೆ. ಕೇಂದ್ರ ಸರ್ಕಾರದ ಮಟ್ಟದಲ್ಲಿ, ಗುಪ್ತ ಶುಲ್ಕಗಳ ವಿರುದ್ಧ ಫೆಡರಲ್ ವ್ಯಾಪಾರ ಆಯೋಗ ನಿಯಮ ರೂಪಿಸುತ್ತಿದ್ದಾಗ ಟೋಯಿಂಗನ್ನೂ ಗಮನಕ್ಕೆ ತೆಗೆದುಕೊಳ್ಳಿ ಎಂದು ಲಾರಿ ಸುರಕ್ಷತಾ ಇಲಾಖೆ 2024ರಲ್ಲಿ ಕೋರಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಬಂದ ಅಂತಿಮ ನಿಯಮ ಮನರಂಜನೆಯ ಟಿಕೆಟ್ಟು ಮತ್ತು ಅಲ್ಪಾವಧಿಯ ವಸತಿಗೆ ಸೀಮಿತವಾಯಿತು. ಲಾರಿಯವರು ಹೊರಗೇ ಉಳಿದರು.

ಹೀಗಾಗಿ ಅನುಭವಿ ಮಾಲೀಕರು ತಮ್ಮದೇ ದಾರಿ ಹುಡುಕಿಕೊಂಡಿದ್ದಾರೆ. ಚಾಲಕನಿಗೆ ಮೊದಲೇ ಹೇಳಿಟ್ಟಿರುತ್ತಾರೆ: ಮೈ ಸರಿಯಿದ್ದರೆ ಫೋಟೋ ತೆಗೆ, ಬಂದ ವಾಹನಗಳೆಷ್ಟು, ಜನರೆಷ್ಟು, ಯಾವಾಗ ಬಂದರು, ಯಾವಾಗ ಹೋದರು ಎಂದು ಬರೆದಿಡು, ದರ ಖಾಲಿ ಬಿಟ್ಟ ಕಾಗದಕ್ಕೆ ಸಹಿ ಹಾಕಬೇಡ. ವಿಮಾ ಕಂಪನಿಗೆ ಅದೇ ಗಳಿಗೆಯಲ್ಲಿ ಕರೆ ಹೋಗಬೇಕು. ಲಾರಿ ರಸ್ತೆಗೆ ಅಡ್ಡವಿಲ್ಲದಿದ್ದರೆ ತನಗೆ ಬೇಕಾದ ಕಂಪನಿಯನ್ನು ಕರೆಯಬಹುದೇ ಎಂದು ಪೊಲೀಸರನ್ನು ಕೇಳಬೇಕು. ಬಿಲ್ಲು ಬಂದಾಗ ಒಟ್ಟು ಮೊತ್ತವಲ್ಲ, ಬಾಬ್ತುವಾರು ವಿವರ ಬೇಕೆನ್ನಬೇಕು. ಅದರಲ್ಲಿನ ಗಂಟೆಗಳನ್ನು ಪೊಲೀಸ್ ದಾಖಲೆಯ ಸಮಯದೊಂದಿಗೆ ಹೋಲಿಸಬೇಕು. ಕಟ್ಟಲೇಬೇಕಾಗಿ ಬಂದರೆ ರಸೀದಿಯ ಮೇಲೆ ‘ಆಕ್ಷೇಪಣೆಯೊಂದಿಗೆ ಪಾವತಿ’ ಎಂದು ಬರೆದು ಕಟ್ಟಬೇಕು. ಒಪ್ಪಿ ಕಟ್ಟಿದ್ದಲ್ಲ ಎಂಬುದಕ್ಕೆ ಮುಂದೆ ಅದೇ ಸಾಕ್ಷಿ.

ನಮ್ಮಲ್ಲಿ ಹೇಗೆ? ನಮ್ಮ ಸಮಸ್ಯೆಯ ಬಣ್ಣ ಬೇರೆ. ಟೋಲ್ ವಸೂಲಿಯಿರುವ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಆಂಬುಲೆನ್ಸು, ಗಸ್ತು ವಾಹನ, ಕ್ರೇನುಗಳ ವ್ಯವಸ್ಥೆ ಇರುತ್ತದೆ. 1033 ಸಂಖ್ಯೆಗೆ ಕರೆ ಮಾಡಬಹುದು. ಅಲ್ಲಿಂದಾಚೆ ಗ್ಯಾರೇಜಿನವರೆಗಿನ ಖರ್ಚು ಮಾಲೀಕನದು. ವಿಮೆ ಇದೆಯಲ್ಲ ಎನ್ನಬಹುದು. 2002ರ ಭಾರತೀಯ ಮೋಟಾರು ಸುಂಕಪಟ್ಟಿಯ ಮಾದರಿ ಪಾಲಿಸಿಯಲ್ಲಿ ಅಪಘಾತಕ್ಕೀಡಾದ ಲಾರಿಯ ರಕ್ಷಣೆ ಮತ್ತು ಸಾಗಣೆಗೆಂದು ಒಂದು ಅಪಘಾತಕ್ಕೆ ಇಟ್ಟ ಮಿತಿ 2,500 ರೂಪಾಯಿ. ದೊಡ್ಡ ಕ್ರೇನಿನ ಬಾಡಿಗೆ ವಿಚಾರಿಸಿದವರಿಗೆ ಇದು ಎಷ್ಟರ ಮಾತು ಎಂದು ಗೊತ್ತು. ಹೆಚ್ಚಿನ ಪ್ರೀಮಿಯಂ ಕಟ್ಟಿ ಈ ಮಿತಿಯನ್ನು ಏರಿಸಿಕೊಳ್ಳುವ ಅವಕಾಶವುಂಟು. ಪಾಲಿಸಿಯ ಆ ಪುಟವನ್ನು ಓದುವವರು ಕಡಿಮೆ.

ಇನ್ನು ನಮ್ಮಲ್ಲಿ ಬೀಗ ಹಾಕಿದ ಅಂಗಳವೆಂದರೆ ಬಹುಮಟ್ಟಿಗೆ ಪೊಲೀಸ್ ಠಾಣೆಯ ಅಂಗಳ. ಅಪಘಾತವಾದ ವಾಹನವನ್ನು ತಪಾಸಣೆಗೆ ಬೇರೆಡೆಗೆ ಒಯ್ದರೆ ಎಲ್ಲಿಗೆ ಒಯ್ದಿದ್ದೇವೆಂದು ಮಾಲೀಕನಿಗೆ ತಿಳಿಸಬೇಕು, ವಿಧಿವಿಧಾನಗಳು ಮುಗಿದ ಮೇಲೆ 24 ಗಂಟೆಯೊಳಗೆ ಹಿಂದಿರುಗಿಸಬೇಕು ಎಂದು 1988ರ ಮೋಟಾರು ವಾಹನ ಕಾಯಿದೆಯ 136ನೆಯ ಕಲಮು ಹೇಳುತ್ತದೆ. ವಶಪಡಿಸಿಕೊಂಡ ವಾಹನಗಳನ್ನು ಠಾಣೆಯಲ್ಲಿ ಬಹುಕಾಲ ಇಟ್ಟುಕೊಂಡು ಪ್ರಯೋಜನವಿಲ್ಲ, ಸೂಕ್ತ ಬಾಂಡು ಬರೆಸಿಕೊಂಡು ಬಿಟ್ಟುಕೊಡಿ ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಸೂಚಿಸಿತು. ಫ್ಲಾರಿಡಾದ ಜಾಮೀನಿಗೂ ಈ ಬಾಂಡಿಗೂ ಇರುವ ಹೋಲಿಕೆ ನಿಮಗೆ ಕಂಡಿರಬೇಕು. ನಿಮ್ಮ ಊರಿನ ಠಾಣೆಯ ಪಕ್ಕ ಹಾದುಹೋಗುವಾಗ ಕಾಂಪೌಂಡಿನ ಮೂಲೆಯತ್ತ ಒಮ್ಮೆ ನೋಡಿ. ಟೈರು ಮಣ್ಣಲ್ಲಿ ಹೂತು, ಕ್ಯಾಬಿನ್ನಿನ ಮೇಲೆ ಬಳ್ಳಿ ಹಬ್ಬಿಸಿಕೊಂಡು ನಿಂತ ಲಾರಿ ಕಂಡರೆ, ಅದರ ನಂಬರು ಪ್ಲೇಟಿನಿಂದ ಅದು ಯಾವ ಜಿಲ್ಲೆಯದು ಎಂದಾದರೂ ತಿಳಿಯುತ್ತದೆ.