ಕೊನೆಯ ಪರೀಕ್ಷೆಗೆ ಮೊದಲೊಂದು ಪರೀಕ್ಷೆ

ಅಮೆರಿಕದಲ್ಲಿ ನರ್ಸ್ ಆಗಲು ಪದವಿಯೊಂದೇ ಸಾಲದು. 'ಎನ್‌ಕ್ಲೆಕ್ಸ್' ಎಂಬ ಲೈಸೆನ್ಸ್ ಪರೀಕ್ಷೆ ಪಾಸಾಗಲೇಬೇಕು. ಅಲ್ಲಿಗೆ ಹೋಗಬಯಸುವ ನಮ್ಮ ನರ್ಸಿಂಗ್ ಪದವೀಧರರಿಗೂ ಇದು ತಪ್ಪಿದ್ದಲ್ಲ. ಬೆಂಗಳೂರಿನಲ್ಲೇ ಇದರ ಕೇಂದ್ರವಿದೆ. 1994ರಿಂದ ಈ ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುತ್ತಿದೆ. ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಕಠಿಣ, ತಪ್ಪಾದರೆ ಸುಲಭ. 2023ರ ಹೊಸ ಪದ್ಧತಿಯಂತೆ ಪ್ರಶ್ನೆಗಳು 85ರಿಂದ 150, ಅವಧಿ 5 ಗಂಟೆ. ಅಂಕ ಹೇಳುವುದಿಲ್ಲ; ಪಾಸು ಇಲ್ಲವೇ ಫೇಲು, ಅಷ್ಟೆ.

ಮೊದಲ ಯತ್ನದಲ್ಲೇ ಶೇಕಡಾ 80ರಷ್ಟು ಮಂದಿಯಾದರೂ ಪಾಸಾಗಬೇಕೆಂಬ ನಿಯಮ ಅಲ್ಲಿನ ಹಲವು ರಾಜ್ಯಗಳಲ್ಲಿದೆ. ಫಲಿತಾಂಶ ಕುಸಿದರೆ ಕಾಲೇಜಿನ ಮಾನ್ಯತೆಗೇ ಕುತ್ತು. ಆದ್ದರಿಂದ ಅನೇಕ ಕಾಲೇಜುಗಳು ಕೋರ್ಸಿನ ಕೊನೆಯಲ್ಲಿ 'ಹೆಸಿ'ಯಂಥ ನಿರ್ಗಮನ ಪರೀಕ್ಷೆ ನಡೆಸುತ್ತವೆ. ಅದರಲ್ಲಿ 850 ಅಂಕ ಬಂದರೆ ಚಿಂತೆಯಿಲ್ಲ ಎಂಬುದು ರೂಢಿಯ ಲೆಕ್ಕ. ಕೆಲವು ಕಾಲೇಜುಗಳು ಒಂದು ಹೆಜ್ಜೆ ಮುಂದೆ ಹೋಗಿ, ಅಷ್ಟು ಅಂಕ ಬಾರದವರನ್ನು ಪದವಿ ಕೊಡದೆ ತಡೆದದ್ದೂ ಉಂಟು.

ಈ ಭವಿಷ್ಯವಾಣಿ ಎಷ್ಟು ನಂಬಲರ್ಹ? ಲೆಕ್ಕ ಹಾಕಿ ನೋಡೋಣ. ಇದು ಊಹೆಯ ಉದಾಹರಣೆ. ತರಗತಿಯಲ್ಲಿ 100 ಮಂದಿ. ಲೈಸೆನ್ಸ್ ಪರೀಕ್ಷೆಯಲ್ಲಿ 90 ಮಂದಿ ಪಾಸಾಗುವವರು, 10 ಮಂದಿ ಫೇಲಾಗುವವರು ಎನ್ನಿ. ನಿರ್ಗಮನ ಪರೀಕ್ಷೆ ಆ 10 ಮಂದಿಯಲ್ಲಿ 8 ಮಂದಿಯನ್ನು ಸರಿಯಾಗಿ ಗುರುತಿಸುತ್ತದೆ. ಉಳಿದ 90 ಮಂದಿಯಲ್ಲಿ ಐದರಲ್ಲೊಬ್ಬರನ್ನು, ಅಂದರೆ 18 ಮಂದಿಯನ್ನು, ತಪ್ಪಾಗಿ 'ದುರ್ಬಲ' ಎನ್ನುತ್ತದೆ. ಈಗ 'ಪಾಸು' ಎನಿಸಿಕೊಂಡವರು 74 ಮಂದಿ. ಅವರಲ್ಲಿ 72 ಮಂದಿ ನಿಜಕ್ಕೂ ಪಾಸು. ಮಾತು ಬಹುಮಟ್ಟಿಗೆ ನಿಜವಾಯಿತು. ಆದರೆ 'ಫೇಲು' ಎನಿಸಿಕೊಂಡ 26 ಮಂದಿಯಲ್ಲಿ ನಿಜಕ್ಕೂ ಫೇಲಾಗುವವರು ಎಂಟೇ ಮಂದಿ! ಫೇಲಾಗುವವರ ಸಂಖ್ಯೆಯೇ ಕಡಿಮೆಯಿದ್ದಾಗ ಹೀಗಾಗುವುದು ಸಹಜ.

ಆ 26 ಮಂದಿಯನ್ನು ತಡೆದರೆ ಕಾಲೇಜಿನ ಫಲಿತಾಂಶ ಶೇಕಡಾ 90ರಿಂದ 97ಕ್ಕೆ ಏರುತ್ತದೆ. ಪಾಠ ಮಾತ್ರ ಎಳ್ಳಷ್ಟೂ ಸುಧಾರಿಸಿರುವುದಿಲ್ಲ. ಸಾಲ ಮಾಡಿ ಓದಿದ 18 ಮಂದಿಗೆ ಅನ್ಯಾಯವಾಯಿತು, ಅಷ್ಟೆ. ಇಂಥ ನಿರ್ಧಾರಕ್ಕೆ ಒಂದೇ ಪರೀಕ್ಷೆಯನ್ನು ನೆಚ್ಚಬಾರದೆಂದು ಅಮೆರಿಕದ ನ್ಯಾಷನಲ್ ಲೀಗ್ ಫಾರ್ ನರ್ಸಿಂಗ್ 2012ರಲ್ಲೇ ಮಾರ್ಗಸೂಚಿ ಹೊರಡಿಸಿತು.

ಹಾಗಾದರೆ ಈ ಪರೀಕ್ಷೆ ಬೇಡವೇ? ಖಂಡಿತ ಬೇಕು. ಥರ್ಮಾಮೀಟರ್ ಜ್ವರ ತೋರಿಸಿದರೆ ಔಷಧಿ ಕೊಡುತ್ತೇವೆ, ರೋಗಿಯನ್ನು ಮನೆಯಿಂದ ಹೊರಗೆ ಹಾಕುವುದಿಲ್ಲ. ಯಾವ ವಿಷಯದಲ್ಲಿ ಅಂಕ ಕಡಿಮೆಯಾಯಿತು, ಔಷಧದ ಪ್ರಮಾಣದ ಲೆಕ್ಕದಲ್ಲೋ, ಮಕ್ಕಳ ಆರೈಕೆಯಲ್ಲೋ ಎಂದು ನೋಡಿ ಅದನ್ನೇ ಮತ್ತೆ ಕಲಿಸಿದರೆ ಪರೀಕ್ಷೆ ಸಾರ್ಥಕ.

ನಮ್ಮ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಗೂ ಈ ಮಾತು ಸಲ್ಲುತ್ತದೆ. ಶೇಕಡಾ 100 ಫಲಿತಾಂಶದ ಆಸೆಗೆ ದುರ್ಬಲ ಮಕ್ಕಳನ್ನು ಒಂಬತ್ತನೆಯ ತರಗತಿಯಲ್ಲೇ ಸಾಗಹಾಕುವ ಶಾಲೆಗಳನ್ನು ನಾವು ಕಂಡಿಲ್ಲವೇ? ಪೋಷಕರು ಶಾಲೆ ಸೇರಿಸುವಾಗ ಎಷ್ಟು ಮಂದಿ ಪಾಸಾದರು ಎಂದಷ್ಟೇ ಕೇಳಿದರೆ ಸಾಲದು. ಸೇರಿದವರೆಷ್ಟು, ಪರೀಕ್ಷೆಗೆ ಕುಳಿತವರೆಷ್ಟು ಎಂದೂ ಕೇಳಬೇಕು. ವಿದ್ಯಾರ್ಥಿಗಳೇ, ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಎದೆಗುಂದಬೇಡಿ. ಉತ್ತರ ಪತ್ರಿಕೆ ಕೇಳಿ ಪಡೆದು, ತಪ್ಪಿದ್ದೆಲ್ಲಿ ಎಂದು ಮೇಷ್ಟ್ರ ಬಳಿ ಕುಳಿತು ತಿಳಿದುಕೊಳ್ಳಿ.