ನೂರರ ಆಚೆ

2025ರ ಮಳೆಗಾಲದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬ್ಯಾಂಕಿನಲ್ಲಿ ಕೆಲಸ, ಸ್ವಂತ ಮನೆ, ಹದಿನಾಲ್ಕು ವರ್ಷದ ಒಬ್ಬನೇ ಮಗ. ಆ ಹುಡುಗ ಟೆನ್ನಿಸ್ ಚೆನ್ನಾಗಿ ಆಡುತ್ತಾನೆಂಬುದನ್ನು ನಾನೂ ಕೇಳಿದ್ದೆ. ಕಾಫಿ ಕುಡಿದು, ಅದೂ ಇದೂ ಮಾತನಾಡಿದ ಮೇಲೆ ಆತ ಬಂದ ಕೆಲಸವನ್ನು ಹೇಳಿದ. ಹುಡುಗನನ್ನು ಶಾಲೆ ಬಿಡಿಸಿ ಪೂರ್ತಿಯಾಗಿ ಆಟಕ್ಕೆ ಹಾಕಬೇಕೆಂದು ತರಬೇತುದಾರರ ಅಭಿಪ್ರಾಯವಂತೆ. ಮನೆಯ ಮೇಲೆ ಸಾಲ ತೆಗೆಯುವುದಕ್ಕೂ ಈತ ಸಿದ್ಧ. “ಮೇಷ್ಟ್ರೇ, ಅವನು ಫೆಡರರ್ ಆಗಬೇಕೆಂದು ನನಗೆ ಆಸೆಯಿಲ್ಲ. ನೂರೈವತ್ತನೆಯ ಜಾಗದಲ್ಲಿ ನಿಂತರೂ ಸಾಕು. ಇಡೀ ಪ್ರಪಂಚಕ್ಕೆ ನೂರೈವತ್ತನೆಯವನು ಎಂದ ಮೇಲೆ ಜೀವನಕ್ಕೇನು ಕೊರತೆ?” ಎಂದ.

ಪ್ರಶ್ನೆ ನ್ಯಾಯವಾದುದೇ. ಪ್ರಪಂಚದ ನೂರೈವತ್ತನೆಯ ವಕೀಲನಾಗಲಿ, ನೂರೈವತ್ತನೆಯ ವೈದ್ಯನಾಗಲಿ ಬಡವನಾಗಿರುವುದನ್ನು ನಾವು ಕಾಣೆವು. ಆದರೆ ಟೆನ್ನಿಸಿನ ಗಣಿತ ಬೇರೆ. ಆ ಸಂಜೆ ನಾನು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಟೆನ್ನಿಸ್ ಆಡಲು ಬಾರದು. ನೋಡುವ ಚಟ ಮಾತ್ರ ಉಂಟು. 2017ರ ನವೆಂಬರಿನಲ್ಲಿ ಕಬ್ಬನ್ ಪಾರ್ಕಿನ ಟೆನ್ನಿಸ್ ಕ್ರೀಡಾಂಗಣದಲ್ಲಿ ಒಂದು ಚಾಲೆಂಜರ್ ಪಂದ್ಯಾವಳಿ ನಡೆಯಿತು. ಅದನ್ನು ಗೆದ್ದವನು ಇಪ್ಪತ್ತು ವರ್ಷದ ಸುಮಿತ್ ನಾಗಲ್. ಅಷ್ಟೇನೂ ಎತ್ತರವಿಲ್ಲದ ಹುಡುಗ. ಆದರೆ ಚೆಂಡು ಎರಡನೆಯ ಸಲ ನೆಲ ಮುಟ್ಟುವವರೆಗೂ ಅದರ ಆಸೆ ಬಿಡುವವನಲ್ಲ. ಹುಟ್ಟಿದ್ದು ಹರಿಯಾಣದ ಜೈತ್‌ಪುರ ಎಂಬ ಹಳ್ಳಿಯಲ್ಲಿ, ಉಪಾಧ್ಯಾಯರೊಬ್ಬರ ಮಗನಾಗಿ. ಮಹೇಶ ಭೂಪತಿಯವರು ಪ್ರತಿಭೆಯುಳ್ಳ ಮಕ್ಕಳನ್ನು ಆರಿಸಿ ತರಬೇತಿ ಕೊಡುವ ಯೋಜನೆಯೊಂದನ್ನು ಕೈಗೊಂಡಾಗ, ಹತ್ತರ ಆಸುಪಾಸಿನ ವಯಸ್ಸಿನ ಈ ಬಾಲಕ ಮನೆ ಬಿಟ್ಟು ನಮ್ಮ ಬೆಂಗಳೂರಿಗೆ ಬಂದ. ಇಲ್ಲಿ ಬೆಳೆದ ಹುಡುಗನೆಂಬ ಅಭಿಮಾನದಿಂದಲೋ ಏನೋ, ಅಂದಿನಿಂದ ಪತ್ರಿಕೆಯಲ್ಲಿ ಆತನ ಹೆಸರನ್ನು ಹುಡುಕಿ ಓದುವುದು ನನಗೆ ಅಭ್ಯಾಸವಾಯಿತು. ಅದನ್ನು ಮೊದಲನೆಯ ಪುಟದಲ್ಲಿ ಹುಡುಕಿ ಪ್ರಯೋಜನವಿರಲಿಲ್ಲ. ಆಟದ ಪುಟದ ಕೊನೆಯ ಕಾಲಮ್ಮಿನಲ್ಲಿ, ಎರಡು ಸಾಲಿನ ಸುದ್ದಿಯಾಗಿ ಅದು ಸಿಕ್ಕುತ್ತಿತ್ತು.

ಈ ಆಟದ ವ್ಯವಸ್ಥೆಯನ್ನು ಸ್ವಲ್ಪ ಹೇಳಬೇಕು. ಎಲ್ಲಕ್ಕಿಂತ ಕೆಳಗಿನ ಪಂದ್ಯಾವಳಿಗಳಲ್ಲಿ ಒಟ್ಟು ಬಹುಮಾನ 15,000 ಡಾಲರ್. ಒಂದು ವಾರ ಆಡಿ ಎಲ್ಲರನ್ನೂ ಸೋಲಿಸಿದವನಿಗೆ 2,160 ಡಾಲರ್. ಮೊದಲ ಸುತ್ತಿನಲ್ಲೇ ಸೋತವನಿಗೆ 156. ವಿಮಾನದ ಖರ್ಚು, ಹೋಟೆಲಿನ ಬಾಡಿಗೆ, ಊಟ, ರ‍್ಯಾಕೆಟ್ಟಿಗೆ ತಂತಿ ಕಟ್ಟಿಸುವ ಕೂಲಿ ಎಲ್ಲವೂ ಆಟಗಾರನದೇ. ಅದರ ಮೇಲಿನ ಮೆಟ್ಟಿಲು ಚಾಲೆಂಜರ್. ಅದರ ಮೇಲೆ ದೊಡ್ಡ ಪ್ರವಾಸ. ಎಲ್ಲಕ್ಕೂ ಮೇಲೆ ನಾಲ್ಕು ಗ್ರ್ಯಾಂಡ್ ಸ್ಲಾಮ್‌ಗಳು. ಗ್ರ್ಯಾಂಡ್ ಸ್ಲಾಮಿನ ಪ್ರಧಾನ ಸುತ್ತಿನಲ್ಲಿ 128 ಜನರಿಗೆ ಜಾಗವುಂಟು. ಅವರಲ್ಲಿ 104 ಮಂದಿ ರ‍್ಯಾಂಕಿಂಗ್ ಪಟ್ಟಿಯ ಬಲದಿಂದ ನೇರವಾಗಿ ಬರುತ್ತಾರೆ. ಉಳಿದವರೆಲ್ಲ ಹದಿನಾರು ಜಾಗಗಳಿಗಾಗಿ ಅರ್ಹತಾ ಸುತ್ತಿನಲ್ಲಿ ಕಾದಾಡಬೇಕು, ಇಲ್ಲವೇ ಸಂಘಟಕರ ಕೃಪೆಗೆ ಕಾಯಬೇಕು. ಪಟ್ಟಿಯಲ್ಲಿ ನೂರನೆಯ ಸಂಖ್ಯೆಯ ಹತ್ತಿರ ಎಳೆದ ಈ ಗೆರೆಯ ಈಚೆಗೆ ಆಟ ಅನ್ನ ಕೊಡುತ್ತದೆ. ಆಚೆಗೆ ಅನ್ನವನ್ನು ಕೇಳುತ್ತದೆ.

2019ರಲ್ಲಿ ನಾಗಲ್ 190ನೆಯವನಾಗಿದ್ದ. ಆ ಆಗಸ್ಟಿನಲ್ಲಿ ಅಮೆರಿಕನ್ ಓಪನ್ನಿನ ಅರ್ಹತಾ ಸುತ್ತುಗಳನ್ನು ದಾಟಿ, ತನ್ನ ಮೊಟ್ಟಮೊದಲ ಗ್ರ್ಯಾಂಡ್ ಸ್ಲಾಮ್ ಪಂದ್ಯಕ್ಕೆ ನ್ಯೂಯಾರ್ಕಿನ ಮುಖ್ಯ ಅಂಕಣದಲ್ಲಿ, ರಾತ್ರಿಯ ದೀಪಗಳ ಕೆಳಗೆ, ರೋಜರ್ ಫೆಡರರನಿಗೆ ಎದುರಾಗಿ ನಿಂತ. ಮೊದಲನೆಯ ಸೆಟ್ಟನ್ನು 6-4ರಿಂದ ಗೆದ್ದೂಬಿಟ್ಟ! ಆಮೇಲೆ ಆದದ್ದು ಆಗಬೇಕಾದದ್ದೇ: 1-6, 2-6, 4-6. ಮಾರನೆಯ ದಿನ ದೇಶವೆಲ್ಲ ಆ ಒಂದು ಸೆಟ್ಟಿನ ಮಾತನ್ನೇ ಆಡಿತು. ಆ ಸೋಲಿಗೆ ಆತನಿಗೆ ಸಿಕ್ಕ ಹಣ 58,000 ಡಾಲರ್.

2021ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಒಂದು ಪಂದ್ಯ ಗೆದ್ದ. ಅದೇ ವರ್ಷ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆಯಾಯಿತು. ಟೆನ್ನಿಸಿನಲ್ಲಿ ಗಳಿಸಿದ ಅಂಕಗಳ ಆಯುಷ್ಯ ಐವತ್ತೆರಡು ವಾರ. ಹಾಸಿಗೆ ಹಿಡಿದವನ ಅಂಕಗಳು ವಾರವಾರವೂ ಉದುರುತ್ತ ಹೋಗುತ್ತವೆ. ಆತ ಐನೂರನ್ನೂ ದಾಟಿ ಕೆಳಗಿಳಿದ.

ನನ್ನ ವಿದ್ಯಾರ್ಥಿ ಬ್ಯಾಂಕಿನವನಾದ್ದರಿಂದ 2023ರ ಲೆಕ್ಕವನ್ನು ಅವನಿಗೆ ವಿವರವಾಗಿಯೇ ಹೇಳಿದೆ. ಆ ವರ್ಷದ ಆರಂಭದಲ್ಲಿ ಜರ್ಮನಿಯ ತನ್ನ ತರಬೇತಿ ಶಾಲೆಗೆ ಹೋಗಲು ನಾಗಲ್‌ನ ಬಳಿ ಹಣವಿರಲಿಲ್ಲ. ಗೆಳೆಯರ ನೆರವಿನಿಂದ ಹೇಗೋ ಅಲ್ಲಿ ನಿಂತ. ಏಪ್ರಿಲಿನಲ್ಲಿ ರೋಮಿನಲ್ಲಿ ಚಾಲೆಂಜರ್ ಗೆದ್ದ. ಜುಲೈನಲ್ಲಿ ಫಿನ್ಲೆಂಡಿನ ಟಾಂಪೆರೆಯಲ್ಲಿ ಇನ್ನೊಂದು. ಐನೂರರಿಂದ ಏರಿ ಬಂದು 159ಕ್ಕೆ ನಿಂತ. ಭಾರತದ ಮೊದಲನೆಯ ಆಟಗಾರನಾದ. ಆ ಸೆಪ್ಟೆಂಬರಿನಲ್ಲಿ ಸುದ್ದಿಸಂಸ್ಥೆಗೆ ಆತನೇ ಹೇಳಿಕೊಂಡಂತೆ, ಒಬ್ಬ ತರಬೇತುದಾರನನ್ನು ಜೊತೆಯಲ್ಲಿಟ್ಟುಕೊಂಡು ವರ್ಷವಿಡೀ ಆಡುವುದಕ್ಕೆ ತಗಲುವ ಖರ್ಚು 80 ಲಕ್ಷದಿಂದ ಒಂದು ಕೋಟಿ. ಅದರಲ್ಲಿ ಅಂಗಮರ್ದನಕ್ಕೆ ಜನ ಸೇರಿಲ್ಲ. ಸುಮಾರು ಎರಡು ಡಜನ್ ಪಂದ್ಯಾವಳಿಗಳಲ್ಲಿ ಬೆವರು ಸುರಿಸಿ ಗಳಿಸಿದ್ದು ಸುಮಾರು 65 ಲಕ್ಷ. ನೌಕರಿಯ ಸಂಬಳವನ್ನೂ ಆಟಕ್ಕೇ ಸುರಿದದ್ದಾಯಿತು. ಬ್ಯಾಂಕಿನ ಖಾತೆಯಲ್ಲಿ ಉಳಿದದ್ದು 900 ಯೂರೋ. ಎಂದರೆ ಒಂದು ಲಕ್ಷ ರೂಪಾಯಿಗೂ ಕಡಿಮೆ.

ಇನ್ನೊಂದು ವಿಚಿತ್ರವನ್ನು ಹೇಳಬೇಕು. ಆ ವರ್ಷ ಅಲ್ಲಿಯವರೆಗೆ ಆತನಿಗೆ ಬಂದಿದ್ದ ಅತಿ ದೊಡ್ಡ ಮೊತ್ತ ರೋಮಿನದೂ ಅಲ್ಲ, ಟಾಂಪೆರೆಯದೂ ಅಲ್ಲ. ಅಮೆರಿಕನ್ ಓಪನ್ನಿನಲ್ಲಿ, ಅದೂ ಅರ್ಹತಾ ಸುತ್ತಿನ ಮೊದಲ ಪಂದ್ಯದಲ್ಲಿ ಸೋತದ್ದಕ್ಕೆ ಸಿಕ್ಕ 22,000 ಡಾಲರ್! ದೊಡ್ಡ ಮನೆಯ ಜಗಲಿಯಲ್ಲಿ ಎಡವಿ ಬಿದ್ದರೂ ಚಿಕ್ಕ ಮನೆಯ ಯಜಮಾನಿಕೆಗಿಂತ ಹೆಚ್ಚು ದಕ್ಷಿಣೆ. ಇದನ್ನು ಕೇಳಿ ನನ್ನ ವಿದ್ಯಾರ್ಥಿ ನಕ್ಕ, ಮರುಕ್ಷಣವೇ ಸುಮ್ಮನಾದ.

ಆತನ ಮಾತು ಪ್ರಕಟವಾದ ಮೇಲೆ ಕೆಲವರು ನೆರವಿಗೆ ಬಂದರು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ, 2024ರ ಜನವರಿಯಲ್ಲಿ, ಆತ ಆಸ್ಟ್ರೇಲಿಯನ್ ಓಪನ್ನಿನ ಅರ್ಹತಾ ಸುತ್ತುಗಳನ್ನು ಗೆದ್ದು ಪ್ರಧಾನ ಸುತ್ತಿಗೆ ಬಂದ. ಅಲ್ಲಿ 31ನೆಯ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕನನ್ನು ಮೂರೇ ಸೆಟ್ಟುಗಳಲ್ಲಿ ಸೋಲಿಸಿದ. ಗ್ರ್ಯಾಂಡ್ ಸ್ಲಾಮಿನ ಸಿಂಗಲ್ಸಿನಲ್ಲಿ ಭಾರತದ ಪುರುಷನೊಬ್ಬ ಶ್ರೇಯಾಂಕವುಳ್ಳವನನ್ನು ಸೋಲಿಸಿದ್ದು, 1989ರಲ್ಲಿ ರಮೇಶ ಕೃಷ್ಣನ್ ವಿಲಾಂಡರನನ್ನು ಗೆದ್ದ ಮೇಲೆ ಇದೇ ಮೊದಲು. ಎರಡನೆಯ ಸುತ್ತು ತಲುಪಿದ್ದಕ್ಕೆ 1,80,000 ಆಸ್ಟ್ರೇಲಿಯನ್ ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು 98 ಲಕ್ಷ. ಒಂದೇ ಮಧ್ಯಾಹ್ನ ಒಂದು ವರ್ಷದ ಖರ್ಚನ್ನು ತೀರಿಸಿತು. ಮುಂದಿನ ತಿಂಗಳು ಚೆನ್ನೈಯಲ್ಲಿ ಗೆದ್ದು ನೂರರ ಗೆರೆಯ ಈಚೆಗೆ ಕಾಲಿಟ್ಟ. ಜುಲೈನಲ್ಲಿ 68ನೆಯವನಾದ. ಆ ವರ್ಷ ನಾಲ್ಕು ಗ್ರ್ಯಾಂಡ್ ಸ್ಲಾಮ್‌ಗಳಲ್ಲಿಯೂ ಆಡಿದ.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ನನ್ನ ವಿದ್ಯಾರ್ಥಿಗೆ ಧೈರ್ಯವಾಗಿ ಸಾಲ ತೆಗೆ ಎನ್ನಬಹುದಾಗಿತ್ತು. 2025ರ ಜನವರಿಯಲ್ಲಿ ಅದೇ ಮೆಲ್ಬೋರ್ನಿನಲ್ಲಿ ಮೊದಲ ಸುತ್ತಿನಲ್ಲೇ ಸೋಲಾಯಿತು. ಹಿಂದಿನ ವರ್ಷದ ಅಂಕಗಳಿಗೆ ಐವತ್ತೆರಡು ವಾರ ತುಂಬಿತ್ತು, ಅವು ಹೋದವು. ಮುಂದೆ ಚೆನ್ನೈಯವೂ ಹೋದವು. ಆ ವರ್ಷದ ನಡುವಿನಷ್ಟರಲ್ಲೇ ಆತ ಇನ್ನೂರರ ಆಚೆಗಿದ್ದ.

ನಡುವೆ ಅವನು, “ನಮ್ಮ ಕೊಡಗಿನ ಬೋಪಣ್ಣ ಇಲ್ಲವೇ ಮೇಷ್ಟ್ರೇ?” ಎಂದ. ಇದ್ದಾರೆ. ಸಿಂಗಲ್ಸಿನಲ್ಲಿ ರೋಹನ್ ಬೋಪಣ್ಣನವರು ಮುಟ್ಟಿದ ಅತ್ಯುಚ್ಚ ಸ್ಥಾನ 213, ಅದೂ 2007ರಲ್ಲಿ. ಡಬಲ್ಸಿನ ದಾರಿ ಹಿಡಿದು, 2024ರಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ ಪ್ರಪಂಚದ ಮೊದಲನೆಯವರಾದರು. ಆ ದಾರಿಯೂ ಉಂಟೆಂದು ಹೇಳಿದೆ. ಆದರೆ 2007ರಿಂದ 2024ರವರೆಗೆ ಎಷ್ಟು ವರ್ಷಗಳೆಂಬ ಎಣಿಕೆಯನ್ನು ಅವನಿಗೇ ಬಿಟ್ಟೆ. ಬೆರಳು ಮಡಿಸಿದ್ದನ್ನು ಕಂಡೆ.

ಹೊರಗೆ ಮಳೆ ನಿಂತಿತ್ತು. ಬಹಳ ಹೊತ್ತಿನ ಮೇಲೆ ಅವನು ಕೇಳಿದ: “ಈಗ ಆ ನಾಗಲ್ ಏನು ಮಾಡುತ್ತಿದ್ದಾನೆ?”

“ಆಡುತ್ತಿದ್ದಾನೆ” ಎಂದೆ.

ಅವನು ಛತ್ರಿ ತೆಗೆದುಕೊಂಡು ಎದ್ದ. ಬೆಳಗ್ಗೆ ಐದೂವರೆಗೆ ಮಗನನ್ನು ಅಭ್ಯಾಸಕ್ಕೆ ಕರೆದುಕೊಂಡು ಹೋಗಬೇಕಂತೆ.