ವಿಜ್ಞಾನದ ದುಡ್ಡು ಹಂಚುವ ಕುರ್ಚಿ

ಬೆಂಗಳೂರಿನ ಕುಂದಲಹಳ್ಳಿ ಸುತ್ತಮುತ್ತ ಸಂಶೋಧನೆಗೆ ಬರವಿಲ್ಲ. ಪಕ್ಕದ ವೈಟ್‌ಫೀಲ್ಡ್ ಕಡೆ ಜಿಇ ಕಂಪನಿ 2000ದಲ್ಲೇ ಜಾನ್ ಎಫ್. ವೆಲ್ಚ್ ತಂತ್ರಜ್ಞಾನ ಕೇಂದ್ರ ತೆರೆಯಿತು. ಅಲ್ಲಿನ ಕೆಲಸ ಕಂಪನಿಯ ಸರಕಿಗಾಗಿ; ಅದರಲ್ಲಿ ತಪ್ಪೇನಿಲ್ಲ. ಲಾಭ ಕಾಣದ ಪ್ರಶ್ನೆಗಳಿಗೆ ದುಡ್ಡು ಕೊಡಬೇಕಾದ್ದು ಸರ್ಕಾರ. ಅದಕ್ಕೆಂದೇ 2023ರ ಕಾಯ್ದೆಯಿಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ, ಅಂದರೆ ಎಎನ್‌ಆರ್‌ಎಫ್, ಬಂತು. ಅದರ ಆಡಳಿತ ಮಂಡಳಿಗೆ ಪ್ರಧಾನಿಯೇ ಅಧ್ಯಕ್ಷರು. ಕಾರ್ಯಕಾರಿ ಮಂಡಳಿಗೆ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರು.

ವಿಜ್ಞಾನಿ ಕೂರಬೇಕಾದ ಜಾಗದಲ್ಲಿ ರಾಜಕಾರಣಿ ಯಾಕೆ ಎಂಬ ಆಕ್ಷೇಪವಿದೆ. ನನಗದು ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ದೇಶ ಸಂಶೋಧನೆಗೆ ಖರ್ಚು ಮಾಡುವುದು ಜಿಡಿಪಿಯ ಸುಮಾರು ಶೇ. 0.64, ಖಜಾನೆಯ ಬಾಗಿಲು ತೆಗೆಸಲು ಪ್ರಧಾನಿಯ ಮಾತಿಗಿರುವ ತೂಕ ಬೇರೆಯವರಿಗಿಲ್ಲ. ಅಪಾಯ ಇರುವುದು ಇನ್ನೊಂದು ಕಡೆ. 5 ವರ್ಷಕ್ಕೆ ಅಂದಾಜಿಸಿದ 50,000 ಕೋಟಿ ರೂಪಾಯಿಯಲ್ಲಿ ಸುಮಾರು 36,000 ಕೋಟಿ ಸರ್ಕಾರದ ಹೊರಗಿನಿಂದ, ಬಹುಪಾಲು ಉದ್ಯಮಗಳು ಮತ್ತು ದಾನಿಗಳಿಂದ, ಬರಬೇಕು. ಕೊಟ್ಟವರೇ ವಿಷಯವನ್ನೂ ಆರಿಸಿದರೆ ಕಲಬುರಗಿಯ ವಿಶ್ವವಿದ್ಯಾಲಯದ ಶುದ್ಧ ಗಣಿತಕ್ಕೆ, ಕಪ್ಪತಗುಡ್ಡದ ಸಸ್ಯಗಳ ಅಧ್ಯಯನಕ್ಕೆ ಯಾರು ದಿಕ್ಕು?

ಷರತ್ತಿಲ್ಲದೆ ಕಂಪನಿ ಯಾಕೆ ಕೊಡುತ್ತದೆ ಅಂತೀರಾ? ನ್ಯಾಯವಾದ ಪ್ರಶ್ನೆಯೇ. ಆದರೆ ಖಾಸಗಿ ವಲಯದ ಸಂಶೋಧನೆಗೆ 2025ರಲ್ಲಿ 1 ಲಕ್ಷ ಕೋಟಿ ರೂಪಾಯಿಯ ಪ್ರತ್ಯೇಕ ಯೋಜನೆಗೇ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಅವರ ಅಗತ್ಯಕ್ಕೆ ಆ ದಾರಿ ಇದೆ. ಹಾಗಾಗಿ ಎಎನ್‌ಆರ್‌ಎಫ್ ಚುಕ್ಕಾಣಿ ಹಿಡಿದವರು ದಾನಿಗಳಿಗೆ ಕ್ಷೇತ್ರ ಸೂಚಿಸಲು ಬಿಟ್ಟರೆ ಸಾಕು. ಯಾವ ಅರ್ಜಿ ಗೆಲ್ಲಬೇಕೆಂಬುದನ್ನು ಪರಿಣತರ ಸಮಿತಿಯೇ ನಿರ್ಧರಿಸಲಿ, ಸೋತವರಿಗೆ ಕಾರಣವನ್ನೂ ಬರೆದು ಕಳಿಸಲಿ.